ಅಪಕೀರ್ತಿ ಹೊತ್ತ ಉಪಕಾರಿ

ಕೊಲೆಸ್ಟರಾಲ್ ಎಂಬ ಹೆಸರನ್ನು ಕೇಳದವರು ಇಂದು ವಿರಳ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಮನೆಯ ಹಿರಿಯರು ಮೊದಲು ಅರಸುವುದು ಆ ಹೆಸರಿನ ಮುಂದಿರುವ ಅಂಕಿಯನ್ನು. ಅಂಕಿ ಏರಿದ್ದರೆ ಅವರ ಮುಖ ಬಾಡುತ್ತದೆ. ಊಟದ ಹೊತ್ತಿಗೆ ತುಪ್ಪದ ಗಿಂಡಿ ದೂರ ಸರಿಯುತ್ತದೆ. ಈ ಭಯ ನಿರಾಧಾರವಾದುದಲ್ಲ. ರಕ್ತದಲ್ಲಿ ಈ ವಸ್ತುವನ್ನು ಹೊತ್ತು ಸಾಗುವ ಕೆಲವು ಕಣಗಳು ಮಿತಿಮೀರಿದಾಗ ಅದು ಅಪಧಮನಿಗಳ ಒಳಗೋಡೆಯಲ್ಲಿ ಶೇಖರವಾಗುತ್ತದೆ. ರಕ್ತದ ಹಾದಿಯನ್ನು ಕಿರಿದಾಗಿಸುತ್ತದೆ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ.

ಹೀಗಿರುವಾಗ, ನಮ್ಮ ದೇಹದಲ್ಲಿ ಈ ವಸ್ತು ಅತ್ಯಂತ ಸಮೃದ್ಧವಾಗಿ ನೆಲೆಸಿರುವ ಅಂಗ ಯಾವುದು ಎಂದು ಕೇಳಿದರೆ ಬರುವ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ಅದು ಹೃದಯವಲ್ಲ, ಹೊಟ್ಟೆಯ ಸುತ್ತ ಬೆಳೆಯುವ ಕೊಬ್ಬೂ ಅಲ್ಲ, ಅದು ಮೆದುಳು. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಸುಮಾರು 2 ಮಾತ್ರ. ಆದರೆ ದೇಹದಲ್ಲಿರುವ ಒಟ್ಟು ಕೊಲೆಸ್ಟರಾಲಿನಲ್ಲಿ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಮೆದುಳಿನಲ್ಲಿಯೇ ಇದೆ. ಓದುವ, ನೆನೆಯುವ, ನಲಿಯುವ, ಅಳುವ ಅಂಗದೊಳಗೆ ಇಷ್ಟೊಂದು ಭಯಪಡುವ ವಸ್ತುವಿಗೆ ಏನು ಕೆಲಸ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳು, ಒಂದು ವಸ್ತುವನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಎಷ್ಟು ಅವಸರದ ಕೆಲಸವೆಂಬುದನ್ನು ತೋರಿಸಿಕೊಡುತ್ತವೆ.

ಕೊಲೆಸ್ಟರಾಲ್ ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು ಕಲ್ಲಿನ ರೂಪದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪುಲೆತಿಯೆ ದ ಲಾ ಸಾಲ್ ಎಂಬ ವೈದ್ಯನು ಪಿತ್ತಕೋಶದಲ್ಲಿ ಬೆಳೆಯುವ ಕಲ್ಲುಗಳಿಂದ ಬಿಳಿಯ, ಹೊಳೆಯುವ, ಮೇಣದಂತಹ ಒಂದು ವಸ್ತುವನ್ನು ಬೇರ್ಪಡಿಸಿದನು. ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅದೇ ದೇಶದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರೂಲ್ ಅದಕ್ಕೆ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಕೊಲೆ’ ಎಂದರೆ ಪಿತ್ತ, ‘ಸ್ಟೀರಿಯೋಸ್’ ಎಂದರೆ ಘನ. ಪಿತ್ತದಲ್ಲಿ ದೊರೆತ ಘನವಸ್ತು ಎಂಬುದೇ ಆ ಹೆಸರಿನ ಅರ್ಥ. 1834ರಲ್ಲಿ ಕೂಯೆರ್ಬ್ ಎಂಬ ಮತ್ತೊಬ್ಬ ಫ್ರೆಂಚ್ ವಿಜ್ಞಾನಿ ಇದೇ ವಸ್ತು ಮೆದುಳಿನಲ್ಲಿಯೂ ಹೇರಳವಾಗಿರುವುದನ್ನು ಗುರುತಿಸಿದನು. ಆದರೆ ಅದು ಅಲ್ಲಿ ಏಕಿದೆ ಎಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಅಪಕೀರ್ತಿ ಬಂದದ್ದು ಆಮೇಲೆ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಎಂಬ ವಿಜ್ಞಾನಿ ಮೊಲಗಳಿಗೆ ಶುದ್ಧ ಕೊಲೆಸ್ಟರಾಲನ್ನು ತಿನ್ನಿಸಿದಾಗ ಅವುಗಳ ರಕ್ತನಾಳಗಳಲ್ಲಿ ಮನುಷ್ಯರಲ್ಲಿ ಕಾಣುವಂತಹ ಜಿಡ್ಡಿನ ಗಂಟುಗಳು ಬೆಳೆದುದನ್ನು ವರದಿ ಮಾಡಿದನು. ಅಲ್ಲಿಂದ ಮುಂದೆ ಹೃದಯರೋಗದ ಜೊತೆಗೆ ಕೊಲೆಸ್ಟರಾಲಿನ ಹೆಸರು ಬೆಸೆದುಕೊಂಡಿತು. ಅದೇ ಕಾಲದಲ್ಲಿ ರಸಾಯನಶಾಸ್ತ್ರಜ್ಞರು ಅದರ ರಚನೆಯನ್ನೂ ಹುಟ್ಟನ್ನೂ ಅರಸುತ್ತಿದ್ದರು. ನಾತ್ಸಿಗಳ ಆಳ್ವಿಕೆಯಲ್ಲಿ ಜರ್ಮನಿಯನ್ನು ತೊರೆದು 1936ರಲ್ಲಿ ಅಮೆರಿಕವನ್ನು ಸೇರಿದ ಕೊನ್ರಾಡ್ ಬ್ಲಾಕ್ ಅವರು ನಮ್ಮ ದೇಹವು ಕೊಲೆಸ್ಟರಾಲನ್ನು ತಾನೇ ತಯಾರಿಸುವ ಬಗೆಯನ್ನು ಬಿಡಿಸಿ ತೋರಿಸಿದರು. ಕೊಲೆಸ್ಟರಾಲಿನ ಒಂದು ಅಣುವಿನಲ್ಲಿ 27 ಇಂಗಾಲ, 46 ಜಲಜನಕ ಮತ್ತು 1 ಆಮ್ಲಜನಕದ ಪರಮಾಣುಗಳಿವೆ. ಆ 27 ಇಂಗಾಲಗಳೂ ಅಸಿಟಿಕ್ ಆಮ್ಲದ ಎರಡೆರಡು ಇಂಗಾಲಗಳ ತುಣುಕುಗಳಿಂದ, ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಜೋಡಣೆಗೊಳ್ಳುತ್ತವೆ. ಈ ಸಾಧನೆಗಾಗಿ ಬ್ಲಾಕ್ ಮತ್ತು ಜರ್ಮನಿಯ ಫಿಯೊಡೊರ್ ಲ್ಯೂನೆನ್ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಜೀವಕೋಶಗಳು ರಕ್ತದಿಂದ ಕೊಲೆಸ್ಟರಾಲನ್ನು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ಅದೇ ಗೌರವ ದೊರೆಯಿತು.

ಮೂವತ್ತಕ್ಕೂ ಹೆಚ್ಚು ಹಂತಗಳ ಶ್ರಮವನ್ನು ದೇಹವು ವ್ಯರ್ಥವಾಗಿ ಕೈಗೊಳ್ಳುವುದಿಲ್ಲ. ಸಸ್ಯಮೂಲದ ಆಹಾರದಲ್ಲಿ ಕೊಲೆಸ್ಟರಾಲ್ ಇಲ್ಲವೆನ್ನುವಷ್ಟು ಅಲ್ಪ. ಆದರೂ ಹಾಲು, ತುಪ್ಪಗಳನ್ನು ಸಹ ಮುಟ್ಟದವರ ದೇಹದಲ್ಲಿಯೂ ಅದು ಇದ್ದೇ ಇರುತ್ತದೆ, ಏಕೆಂದರೆ ಅದಿಲ್ಲದೆ ಜೀವಕೋಶವು ಉಳಿಯಲಾರದು. ಪ್ರತಿಯೊಂದು ಜೀವಕೋಶಕ್ಕೂ ಒಂದು ತೆಳುವಾದ ಪೊರೆಯುಂಟು. ಆ ಪೊರೆ ಮೇದಸ್ಸಿನ ಎರಡು ಪದರಗಳಿಂದಾದುದು. ಅದು ತೀರ ಸಡಿಲವಾದರೆ ಒಳಗಿನದು ಹೊರಗೆ ಸೋರುತ್ತದೆ. ತೀರ ಬಿಗಿಯಾದರೆ ಕೋಶವು ಅಲುಗಾಡಲಾರದು. ಮೇದಸ್ಸಿನ ಅಣುಗಳ ನಡುವೆ ಕೊಲೆಸ್ಟರಾಲ್ ಅಣುಗಳು ಸೇರಿಕೊಂಡು ಪೊರೆಗೆ ಹದವಾದ ಬಿಗಿಯನ್ನು ಕೊಡುತ್ತವೆ. ಎಲ್ಲ ಜೀವಕೋಶಗಳಿಗೂ ಬೇಕಾದ ಈ ವಸ್ತು ನರಕೋಶಗಳಿಗೆ ಮಾತ್ರ ಏಕೆ ಅಷ್ಟು ಅಧಿಕವಾಗಿ ಬೇಕು ಎಂಬುದನ್ನು ತಿಳಿಯಲು ನರಕೋಶದ ಆಕಾರವನ್ನು ನೋಡಬೇಕು.

ದೇಹದ ಇತರ ಕೋಶಗಳು ಸಾಮಾನ್ಯವಾಗಿ ದುಂಡಗೋ ಚಪ್ಪಟೆಯಾಗಿಯೋ ಇರುತ್ತವೆ. ನರಕೋಶವಾದರೋ ತನ್ನ ಒಡಲಿನಿಂದ ಒಂದು ನೀಳವಾದ ತಂತುವನ್ನು ಹೊರಚಾಚುತ್ತದೆ. ಇದನ್ನು ಆಕ್ಸಾನ್ ಎಂದು ಕರೆಯುತ್ತಾರೆ. ಬೆನ್ನುಹುರಿಯಿಂದ ಪಾದದವರೆಗೆ ಇಳಿಯುವ ಆಕ್ಸಾನ್ ಸುಮಾರು ಒಂದು ಮೀಟರು ಉದ್ದವಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶವೊಂದು ಅಷ್ಟು ದೂರಕ್ಕೆ ಕೈಚಾಚಬೇಕಾದರೆ ಅದರ ಪೊರೆ ಎಷ್ಟು ಬೆಳೆಯಬೇಕು! ತಂತುವಿನ ತುದಿ ಮುಂದೆ ಸರಿದಂತೆಲ್ಲ ಹೊಸ ಪೊರೆಗೆ ಸಾಮಗ್ರಿ ಒದಗುತ್ತಲೇ ಇರಬೇಕು. ಆ ಸಾಮಗ್ರಿಯಲ್ಲಿ ಮುಖ್ಯವಾದುದು ಕೊಲೆಸ್ಟರಾಲ್.

ಆಕ್ಸಾನಿನ ಪೊರೆಗಿಂತಲೂ ಹೆಚ್ಚು ಕೊಲೆಸ್ಟರಾಲನ್ನು ಬೇಡುವ ಭಾಗ ಇನ್ನೊಂದಿದೆ. ಅದು ಆಕ್ಸಾನಿನ ಹೊದಿಕೆ. ಅನೇಕ ನರತಂತುಗಳ ಮೇಲೆ ಬಿಳಿಯ ಬಣ್ಣದ, ಮೇದಸ್ಸಿನಿಂದ ಕೂಡಿದ ಕವಚವಿರುತ್ತದೆ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಇದಕ್ಕೆ ಮಯಲಿನ್ ಎಂಬ ಹೆಸರನ್ನು ಕೊಟ್ಟನು. ಕೈ ಕಾಲುಗಳ ನರಗಳಲ್ಲಿ ಈ ಕವಚವನ್ನು ಕಟ್ಟುವವು ಶ್ವಾನ್ ಕೋಶಗಳು. ಮೆದುಳು ಬೆನ್ನುಹುರಿಗಳಲ್ಲಿ ಕಟ್ಟುವವು ಆಲಿಗೊಡೆಂಡ್ರೊಸೈಟ್ ಎಂಬ ಸಹಾಯಕ ಕೋಶಗಳು. ಪಂಜಿನ ಕೋಲಿಗೆ ಬಟ್ಟೆಯನ್ನು ಸುತ್ತಿನ ಮೇಲೆ ಸುತ್ತಾಗಿ ಬಿಗಿಯುವಂತೆ, ಈ ಕೋಶಗಳು ತಮ್ಮ ಪೊರೆಯನ್ನೇ ಆಕ್ಸಾನಿನ ಮೇಲೆ ಹಲವು ಸುತ್ತು ಸುತ್ತುತ್ತವೆ. ಕವಚವು ಅಖಂಡವಾಗಿರದೆ ನಡುನಡುವೆ ಕಿರಿದಾದ ತೆರಪುಗಳಿರುತ್ತವೆ. 1870ರ ದಶಕದಲ್ಲಿ ಇವುಗಳನ್ನು ವರ್ಣಿಸಿದ ಫ್ರೆಂಚ್ ವಿಜ್ಞಾನಿ ರಾನ್ವಿಯೆಯ ಹೆಸರಿನಿಂದಲೇ ಇವನ್ನು ಕರೆಯುತ್ತಾರೆ. ನರದ ಸಂದೇಶವು ಒಂದು ತೆರಪಿನಿಂದ ಮತ್ತೊಂದು ತೆರಪಿಗೆ ನೆಗೆಯುವಂತೆ ಸಾಗುವುದರಿಂದ ಅದರ ವೇಗ ಬಹಳವಾಗಿ ಹೆಚ್ಚುತ್ತದೆ.

ಈ ವೇಗವನ್ನು ಅಳೆಯಲಾಗದು ಎಂದು ಒಂದು ಕಾಲದಲ್ಲಿ ಪಂಡಿತರು ಕೈಚೆಲ್ಲಿದ್ದರು. 1850ರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರವನ್ನು ಪರೀಕ್ಷಿಸಿ, ಅದರಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 27 ಮೀಟರು ಸಾಗುವುದೆಂದು ಲೆಕ್ಕ ಹಾಕಿದನು. ಮನುಷ್ಯನ ದೇಹದಲ್ಲಿ ದಪ್ಪ ಕವಚವುಳ್ಳ ತಂತುಗಳಲ್ಲಿ ಸಂದೇಶದ ವೇಗ ಸೆಕೆಂಡಿಗೆ 100 ಮೀಟರನ್ನೂ ಮೀರಬಲ್ಲದು. ಕವಚವಿಲ್ಲದ ಸಣ್ಣ ತಂತುಗಳಲ್ಲಿ ಅದು ಸುಮಾರು 1 ಮೀಟರು ಮಾತ್ರ. ಈ ವ್ಯತ್ಯಾಸವು ಪ್ರತಿಯೊಬ್ಬರ ಅನುಭವಕ್ಕೂ ಬಂದಿರುತ್ತದೆ. ನಡೆಯುವಾಗ ಕಾಲಿನ ಹೆಬ್ಬೆರಳು ಕಲ್ಲಿಗೆ ಎಡವಿದರೆ ಮೊದಲು ಚುರುಕಾದ ಒಂದು ನೋವು ಮಿಂಚಿ ಹೋಗುತ್ತದೆ. ಒಂದು ಕ್ಷಣ ಕಳೆದ ಮೇಲೆ ಕುದಿಯುವಂತಹ, ಬಹಳ ಹೊತ್ತು ಉಳಿಯುವ ನೋವು ನಿಧಾನವಾಗಿ ಏರಿಬರುತ್ತದೆ. ಮೊದಲನೆಯದನ್ನು ತಂದದ್ದು ಕವಚವುಳ್ಳ ನರತಂತು, ಎರಡನೆಯದನ್ನು ತಂದದ್ದು ಕವಚವಿಲ್ಲದ ತಂತು. ಆ ಒಂದು ಕ್ಷಣದ ಅಂತರವೇ ಮಯಲಿನ್ ಕವಚದ ಬೆಲೆ.

ಈ ಕವಚದ ಒಣತೂಕದಲ್ಲಿ ನೂರಕ್ಕೆ 70ರಿಂದ 80 ಭಾಗ ಮೇದಸ್ಸೇ ಆಗಿದೆ. ಆ ಮೇದಸ್ಸಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೊಲೆಸ್ಟರಾಲ್. ಮೆದುಳಿನಲ್ಲಿರುವ ಕೊಲೆಸ್ಟರಾಲಿನ ಬಹುಭಾಗ ಇರುವುದು ಈ ಕವಚಗಳಲ್ಲಿಯೇ. 2005ರಲ್ಲಿ ಜರ್ಮನಿಯ ಗಟಿಂಗೆನ್ ನಗರದ ವಿಜ್ಞಾನಿಗಳು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕವಚ ಕಟ್ಟುವ ಕೋಶಗಳು ಕೊಲೆಸ್ಟರಾಲನ್ನು ತಯಾರಿಸಲಾಗದಂತೆ ಅವರು ಕೆಲವು ಇಲಿಗಳ ವಂಶವಾಹಿಯಲ್ಲಿ ಮಾರ್ಪಾಡು ಮಾಡಿದ್ದರು. ಆ ಇಲಿಮರಿಗಳಲ್ಲಿ ಕವಚದ ಬೆಳವಣಿಗೆ ಬಹಳ ತಡವಾಯಿತು. ಅವು ನಡುಗುತ್ತ, ತಡವರಿಸುತ್ತ ನಡೆದಾಡಿದವು. ಆ ಕೋಶಗಳು ಕೊಲೆಸ್ಟರಾಲ್ ಇಲ್ಲದ ಕಳಪೆ ಕವಚವನ್ನು ಕಟ್ಟಲಿಲ್ಲ. ನೆರೆಯ ಕೋಶಗಳಿಂದ ಆ ವಸ್ತು ದೊರೆಯುವವರೆಗೆ ಕಾದು, ದೊರೆತಷ್ಟರ ಮಟ್ಟಿಗೆ ಮಾತ್ರ ಸರಿಯಾದ ಕವಚವನ್ನು ಕಟ್ಟಿದವು. ಗಾರೆ ಒದಗದೆ ಗೋಡೆ ಏರದು ಎಂಬ ಒಳ್ಳೆಯ ಮೇಸ್ತ್ರಿಯ ನಿಷ್ಠೆ ಈ ಸೂಕ್ಷ್ಮಜೀವಕೋಶಗಳಲ್ಲಿಯೂ ಕಂಡುಬಂದಿತು.

ಹಾಗಾದರೆ ಮೆದುಳಿಗೆ ಕೊಲೆಸ್ಟರಾಲ್ ಎಲ್ಲಿಂದ ಬರುತ್ತದೆ? ನಾವು ತಿನ್ನುವ ಆಹಾರದಿಂದ ಎಂದು ಊಹಿಸುವುದು ಸಹಜ. ಆದರೆ ಪ್ರಕೃತಿಯ ಏರ್ಪಾಡು ಬೇರೆಯಾಗಿದೆ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇದೆ. ಮೆದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡು ಕೋಟೆಯ ಗೋಡೆಯಂತೆ ನಿಂತಿವೆ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಕಣಗಳು ಆ ಗೋಡೆಯನ್ನು ದಾಟಲಾರವು. ಆದ್ದರಿಂದ ಮೆದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಒಮ್ಮೆ ತಯಾರಾದುದನ್ನು ಅದು ಬಹಳ ಜೋಪಾನವಾಗಿ ಉಳಿಸಿಕೊಳ್ಳುತ್ತದೆ. ರಕ್ತದ ಕೊಲೆಸ್ಟರಾಲ್ ಕೆಲವೇ ದಿನಗಳಲ್ಲಿ ಬದಲಾಗುತ್ತಿದ್ದರೆ, ವಯಸ್ಕರ ಮೆದುಳಿನ ಕೊಲೆಸ್ಟರಾಲ್ ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ.

ಕೋಟೆಯ ಒಳಗೂ ಕೆಲಸದ ಹಂಚಿಕೆಯುಂಟು. ಬೆಳೆದ ನರಕೋಶವು ತನಗೆ ಬೇಕಾದುದನ್ನೆಲ್ಲ ತಾನೇ ತಯಾರಿಸುತ್ತ ಕೂಡುವುದಿಲ್ಲ. ನಕ್ಷತ್ರದ ಆಕಾರದ ಆಸ್ಟ್ರೋಸೈಟ್ ಎಂಬ ಸಹಾಯಕ ಕೋಶಗಳು ಅದಕ್ಕೆ ಕೊಲೆಸ್ಟರಾಲನ್ನು ಒದಗಿಸುತ್ತವೆ. ಇದರ ಮಹತ್ವ ಬೆಳಕಿಗೆ ಬಂದದ್ದು 2001ರಲ್ಲಿ. ಒಂದು ನರಕೋಶವು ಮತ್ತೊಂದಕ್ಕೆ ಸಂದೇಶವನ್ನು ದಾಟಿಸುವ ಸ್ಥಾನಕ್ಕೆ ನರಸಂಧಿ ಎಂದು ಹೆಸರು. ಕಲಿಕೆ, ನೆನಪುಗಳೆಲ್ಲ ಇವುಗಳನ್ನೇ ಅವಲಂಬಿಸಿವೆ. ಇಲಿಯ ಕಣ್ಣಿನ ನರಕೋಶಗಳನ್ನು ಪ್ರತ್ಯೇಕಿಸಿ ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಅವು ಬದುಕಿದವಾದರೂ ಅವುಗಳ ನಡುವೆ ನರಸಂಧಿಗಳು ವಿರಳವಾಗಿಯೇ ಉಳಿದವು. ಸಹಾಯಕ ಕೋಶಗಳು ಸ್ರವಿಸಿದ ದ್ರವವನ್ನು ಸೇರಿಸಿದೊಡನೆ ನರಸಂಧಿಗಳು ಹೇರಳವಾಗಿ ಮೂಡಿದವು. ಆ ದ್ರವದಲ್ಲಿರುವ ಮಾಯಾವಸ್ತು ಯಾವುದೆಂದು ಫ್ರಾಂಕ್ ಪ್ಫ್ರೀಗರ್ ಮತ್ತು ಅವರ ಸಂಗಡಿಗರು ಹುಡುಕುತ್ತ ಹೋದರು. ಯಾವುದೋ ಅಪರೂಪದ ಹೊಸ ಪದಾರ್ಥ ದೊರೆಯಬಹುದೆಂಬ ನಿರೀಕ್ಷೆಗೆ ಬದಲಾಗಿ ಕೊನೆಗೆ ದೊರೆತದ್ದು, ಎಲ್ಲರೂ ಬಲ್ಲ ಕೊಲೆಸ್ಟರಾಲ್.

ಬೆಳವಣಿಗೆಯ ಕಾಲದಲ್ಲಿ ಈ ವಸ್ತು ಸಾಲದೆ ಹೋದರೆ ಆಗುವ ಹಾನಿಯನ್ನು ಒಂದು ಅಪರೂಪದ ರೋಗ ತೋರಿಸಿಕೊಟ್ಟಿದೆ. 1964ರಲ್ಲಿ ಸ್ಮಿತ್, ಲೆಮ್ಲಿ ಮತ್ತು ಓಪಿಟ್ಜ್ ಎಂಬ ಮೂವರು ವೈದ್ಯರು, ತಲೆ ಸಣ್ಣದಾಗಿ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಕೆಲವು ಮಕ್ಕಳ ಸ್ಥಿತಿಯನ್ನು ವರ್ಣಿಸಿದರು. ಅದರ ಕಾರಣ ತಿಳಿಯಲು ಸುಮಾರು ಮೂವತ್ತು ವರ್ಷಗಳು ಬೇಕಾದವು. ಈ ಮಕ್ಕಳ ದೇಹವು ಕೊಲೆಸ್ಟರಾಲ್ ತಯಾರಿಕೆಯ ಕೊನೆಯ ಹೆಜ್ಜೆಯನ್ನು ಪೂರೈಸಲಾರದು ಎಂಬುದು 1993ರಲ್ಲಿ ಗೊತ್ತಾಯಿತು. ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳಲ್ಲಿ ಒಂದೇ ಒಂದು ತಪ್ಪಿದುದಕ್ಕೆ ಆ ಎಳೆಯ ಜೀವಗಳು ತೆರುವ ಬೆಲೆ ಅಷ್ಟು ದೊಡ್ಡದು. ಅವರಿಗೆ ಆಹಾರದ ಮೂಲಕ ಕೊಲೆಸ್ಟರಾಲನ್ನು ಕೊಡುವುದುಂಟು. ಆದರೆ ಮೆದುಳಿನ ಕೋಟೆಗೋಡೆ ಅದನ್ನು ಒಳಗೆ ಬಿಡದು.

ಬೆಳವಣಿಗೆಯಲ್ಲಿ ಇಷ್ಟು ಅವಶ್ಯಕವಾದ ವಸ್ತು ಗಾಯಗೊಂಡ ನರದ ದುರಸ್ತಿಯಲ್ಲಿ ಮಾಡುವ ಕೆಲಸ ಇನ್ನೂ ಸ್ವಾರಸ್ಯವಾದುದು. ಒಬ್ಬ ಬಡಗಿಯ ಕೈಯ ಉಳಿ ಜಾರಿ ಅವನ ಇನ್ನೊಂದು ಕೈಯ ಮಣಿಕಟ್ಟಿನಲ್ಲಿ ನರವೊಂದು ತುಂಡಾಯಿತೆಂದು ಭಾವಿಸೋಣ. ವೈದ್ಯರು ನರದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಗಾಯ ಬೇಗ ಮಾಯಿತು. ಆದರೆ ಬೆರಳುಗಳಿಗೆ ಸ್ಪರ್ಶಜ್ಞಾನ ಬರಲಿಲ್ಲ. ಹಲಗೆಯ ನುಣುಪನ್ನು ಬೆರಳ ತುದಿಯಿಂದಲೇ ಅಳೆಯುತ್ತಿದ್ದ ಕುಶಲಕರ್ಮಿಗೆ ಈಗ ಮೊಳೆ ಚುಚ್ಚಿದರೂ ತಿಳಿಯದು. ತನ್ನ ಜೀವನೋಪಾಯವೇ ಮುಗಿಯಿತೆಂದು ಅವನು ಹತಾಶನಾದರೆ ಆಶ್ಚರ್ಯವೇನಿಲ್ಲ.

ಆ ಹೊತ್ತಿನಲ್ಲಿ ಚರ್ಮದ ಒಳಗೆ ನಡೆಯುತ್ತಿರುವುದೇನು? ನರತಂತು ತುಂಡಾದಾಗ ಕೋಶದ ಒಡಲಿನಿಂದ ಬೇರ್ಪಟ್ಟ ಆಚೆಯ ಭಾಗ ಕ್ಷಯಿಸುತ್ತದೆ. 1850ರಲ್ಲಿ ಇಂಗ್ಲೆಂಡಿನ ಅಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳಲ್ಲಿ ಈ ಕ್ರಿಯೆಯನ್ನು ಕಂಡು ವರ್ಣಿಸಿದನು. ಆಕ್ಸಾನಿನ ಜೊತೆಗೆ ಅದರ ಮಯಲಿನ್ ಕವಚವೂ ಒಡೆದು ಚೂರಾಗುತ್ತದೆ. ಆಗ ದೇಹದ ಭಕ್ಷಕ ಕೋಶಗಳು ಅಲ್ಲಿಗೆ ಧಾವಿಸಿ ಆ ಚೂರುಗಳನ್ನು ನುಂಗುತ್ತವೆ. ಅವು ಬರಿಯ ಜಾಡಮಾಲಿಗಳಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ರಾಬರ್ಟ್ ಮಾಹ್ಲಿ ಮತ್ತು ಅವರ ಸಂಗಡಿಗರು ಇಲಿಯ ತೊಡೆಯ ನರವನ್ನು ಪರೀಕ್ಷಿಸಿ ಒಂದು ಸೊಗಸಾದ ವ್ಯವಸ್ಥೆಯನ್ನು ಕಂಡರು. ಗಾಯವಾದ ನರದಲ್ಲಿ ಅಪೊಲಿಪೊಪ್ರೋಟೀನ್-ಇ ಎಂಬ ಸಸಾರಜನಕವು ನೂರು ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತದೆ. ಅದು ಕೊಲೆಸ್ಟರಾಲನ್ನು ಹೊರುವ ಹಮಾಲಿ. ಭಕ್ಷಕ ಕೋಶಗಳು ಹಳೆಯ ಕವಚದಿಂದ ಬಿಡಿಸಿದ ಕೊಲೆಸ್ಟರಾಲನ್ನು ಈ ಹಮಾಲಿಗೆ ಒಪ್ಪಿಸುತ್ತವೆ. ಮತ್ತೆ ಚಿಗುರುತ್ತಿರುವ ಆಕ್ಸಾನಿನ ತುದಿಯೂ ಅನಂತರ ಹೊಸ ಕವಚವನ್ನು ಕಟ್ಟುವ ಶ್ವಾನ್ ಕೋಶಗಳೂ ಅದನ್ನು ಬರಮಾಡಿಕೊಳ್ಳುತ್ತವೆ.

ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಯನ್ನು ಕೆಡವಿದಾಗ ಅದರ ತೊಲೆ, ಕಂಬ, ಹಂಚುಗಳನ್ನು ಯಾರೂ ಬಿಸಾಡುವುದಿಲ್ಲ. ಆರಿಸಿ, ಒಪ್ಪವಾಗಿ ಒಟ್ಟಿ, ಹೊಸ ಮನೆಗೆ ಬಳಸುತ್ತಾರೆ. ಗಾಯಗೊಂಡ ನರವು ಮಾಡುವುದೂ ಇದನ್ನೇ. ಈ ಹಮಾಲಿಯಿಲ್ಲದೆ ಹುಟ್ಟಿದ ಇಲಿಗಳಲ್ಲಿಯೂ ನರಗಳು ಮತ್ತೆ ಬೆಳೆಯುತ್ತವೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ತಿಳಿದುಬಂದಿತು. ಒಂದು ದಾರಿ ಮುಚ್ಚಿದರೆ ಮತ್ತೊಂದು ದಾರಿಯಿಂದ ಸಾಮಗ್ರಿ ಒದಗಿಸುವ ಜಾಣ್ಮೆ ದೇಹಕ್ಕಿದೆ ಎಂದು ಇದರಿಂದ ತಿಳಿಯುತ್ತದೆ.

ಮರಳಿ ಬೆಳೆಯುವ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮುಂದೆ ಸಾಗುತ್ತದೆ. ಬಡಗಿಯ ಮಣಿಕಟ್ಟಿನಿಂದ ಬೆರಳ ತುದಿಗೆ ಸುಮಾರು 180 ಮಿಲಿಮೀಟರು. ಅಂದರೆ ಆರು ತಿಂಗಳ ಪಯಣ. ಮೊದಮೊದಲು ಬೆರಳುಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಆಮೇಲೆ ಬಿಸಿ ತಣ್ಪುಗಳು, ಮುಟ್ಟಿದ ಅನುಭವ ಮೆಲ್ಲಮೆಲ್ಲನೆ ಮರಳುತ್ತವೆ. ಎಲ್ಲರಿಗೂ ಅದು ಪೂರ್ಣವಾಗಿ ಮರಳುವುದಿಲ್ಲವೆಂಬುದೂ ನಿಜ. ಆದರೆ ಅವನು ಕೈಚೆಲ್ಲಿ ಕುಳಿತ ದಿನಗಳಲ್ಲಿಯೂ ಅವನ ನರಕೋಶಗಳು ಕೈಚೆಲ್ಲಿರಲಿಲ್ಲ.

ಮೆದುಳು ಬೆನ್ನುಹುರಿಗಳಲ್ಲಿ ದುರಸ್ತಿ ಇಷ್ಟು ಸುಲಭವಲ್ಲ. ಅಲ್ಲಿ ತುಂಡಾದ ಆಕ್ಸಾನ್ ಸಾಮಾನ್ಯವಾಗಿ ಮರಳಿ ಬೆಳೆಯದು. ಆದರೆ ಕವಚ ಮಾತ್ರ ನಷ್ಟವಾಗಿದ್ದರೆ ಅದನ್ನು ಮತ್ತೆ ಕಟ್ಟುವ ಶಕ್ತಿ ಅಲ್ಲಿಯೂ ಉಂಟು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗದಲ್ಲಿ ದೇಹದ ರಕ್ಷಣಾಪಡೆಯೇ ದಾರಿ ತಪ್ಪಿ ಮಯಲಿನ್ ಕವಚದ ಮೇಲೆ ದಾಳಿ ಮಾಡುತ್ತದೆ. ದೃಷ್ಟಿ ಮಸುಕಾಗುತ್ತದೆ, ಕೈಕಾಲು ಸೋಲುತ್ತವೆ. ಎಳೆಯ ವಯಸ್ಸಿನಲ್ಲಿ ಹೊಸ ಕವಚ ಬೇಗ ಮೂಡಬಹುದು. ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತದೆ. ಏಕೆ ಕುಗ್ಗುತ್ತದೆ ಎಂಬುದಕ್ಕೆ 2018ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮಿಕೇಲ್ ಸೈಮನ್ಸ್ ಮತ್ತು ಅವರ ಸಂಗಡಿಗರು ಒಂದು ಕಾರಣವನ್ನು ತೋರಿಸಿದರು. ಮುದಿ ಇಲಿಗಳ ಭಕ್ಷಕ ಕೋಶಗಳು ಒಡೆದ ಕವಚದ ಚೂರುಗಳನ್ನು ನುಂಗುತ್ತವೆ. ಆದರೆ ಅದರೊಳಗಿನ ಕೊಲೆಸ್ಟರಾಲನ್ನು ಹೊರಕ್ಕೆ ಸಾಗಿಸಲಾರವು. ಕೋಶದೊಳಗೆ ಅದು ತುಂಬಿ, ಹೆಪ್ಪುಗಟ್ಟಿ, ಸೂಜಿಯಂತಹ ಹರಳುಗಳಾಗುತ್ತದೆ. ಹರಳುಗಳು ಕೋಶದ ಒಳಭಾಗವನ್ನು ಚುಚ್ಚಿ ಉರಿಯೂತವನ್ನು ಹುಟ್ಟಿಸುತ್ತವೆ. ದುರಸ್ತಿ ನಿಂತುಹೋಗುತ್ತದೆ. ಆ ಕೋಶಗಳಿಂದ ಕೊಲೆಸ್ಟರಾಲ್ ಹೊರಹೋಗುವಂತೆ ಔಷಧಿಯಿಂದ ಪ್ರಚೋದಿಸಿದಾಗ ಮುದಿ ಇಲಿಗಳಲ್ಲಿಯೂ ಹೊಸ ಕವಚ ಮೂಡಿತು.

ಈ ಹರಳುಗಳನ್ನು ವೈದ್ಯಲೋಕ ಮೊದಲೇ ಬಲ್ಲದು. ಹೃದ್ರೋಗಿಗಳ ಅಪಧಮನಿಯ ಗೋಡೆಯಲ್ಲಿ ಕಾಣುವುದೂ ಇಂತಹವೇ. ಅಲ್ಲಿಯೂ ಭಕ್ಷಕ ಕೋಶಗಳು ಸಾಗಿಸಲಾಗದಷ್ಟು ಕೊಲೆಸ್ಟರಾಲನ್ನು ನುಂಗಿ, ಉಬ್ಬಿ, ಅಲ್ಲಿಯೇ ಕುಸಿಯುತ್ತವೆ. ಹೃದಯದ ನಾಳವನ್ನು ಕಟ್ಟುವ ಕೇಡು ಮತ್ತು ಮುಪ್ಪಿನ ಮೆದುಳಿನ ದುರಸ್ತಿಯನ್ನು ತಡೆಯುವ ಕೇಡು ಎರಡರಲ್ಲಿಯೂ ಸಾಗಬೇಕಾದ ವಸ್ತು ಸಾಗದೆ ನಿಂತಿದೆ. ನರದಲ್ಲಿ ಕೈಯಿಂದ ಕೈಗೆ ದಾಟುತ್ತ ಹೋದಾಗ ಕಟ್ಟಡವನ್ನು ಕಟ್ಟಿದ ಅದೇ ಸಾಮಗ್ರಿ, ನಿಂತಲ್ಲಿಯೇ ರಾಶಿ ಬಿದ್ದಾಗ ದಾರಿಯನ್ನು ಕಟ್ಟಿತು.

ಕೊಲೆಸ್ಟರಾಲಿನ ಈ ಉಪಕಾರವನ್ನು ಕೇಳಿದವರು, ಹಾಗಾದರೆ ತುಪ್ಪ ಬೆಣ್ಣೆಗಳನ್ನು ಹೆಚ್ಚಾಗಿ ತಿಂದರೆ ಬುದ್ಧಿ ಚುರುಕಾಗುವುದೆಂದು ತಿಳಿಯಬಾರದು. ಆರೋಗ್ಯವಂತನ ಮೆದುಳಿನ ಕೋಟೆಗೋಡೆಯನ್ನು ತಿಂದ ಕೊಲೆಸ್ಟರಾಲ್ ದಾಟುವುದಿಲ್ಲ. ಅದರ ಹೊರೆ ಬೀಳುವುದು ರಕ್ತನಾಳಗಳ ಮೇಲೆ. ಮೆದುಳಿನ ಗೋಡೆ ಶಿಥಿಲವಾದ ಕೆಲವು ಸಂದರ್ಭಗಳಲ್ಲಿ ಆಹಾರದ ಕೊಲೆಸ್ಟರಾಲ್ ಇಲಿಗಳಲ್ಲಿ ಕವಚದ ದುರಸ್ತಿಗೆ ನೆರವಾಯಿತೆಂದು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸುತ್ತದೆ. ಆದರೆ ಇಲಿಯ ಮೇಲಿನ ಪ್ರಯೋಗ ಮನುಷ್ಯನ ಊಟಕ್ಕೆ ವಿಧಿಯಾಗಲಾರದು. ಮೆದುಳು ಕೊಲೆಸ್ಟರಾಲಿನಿಂದ ಆಗಿದೆ ಎಂಬ ಮಾತನ್ನು ಹಿಡಿದು, ವೈದ್ಯರು ಕೊಟ್ಟ ಔಷಧಿಯನ್ನು ತಾನಾಗಿಯೇ ನಿಲ್ಲಿಸುವುದು ಅಪಾಯಕರ. ಅರ್ಧ ತಿಳಿದುದನ್ನು ಪೂರ್ಣವೆಂದು ನಂಬುವುದು ವಿಜ್ಞಾನದ ದಾರಿಯಲ್ಲ.

ಕೆರೆಯಲ್ಲಿ ನಿಂತು ತೂಬಿನಿಂದ ಹದವಾಗಿ ಹರಿದ ನೀರು ಗದ್ದೆಯನ್ನು ಬೆಳೆಸುತ್ತದೆ. ಅದೇ ನೀರು ಹೊಲದಲ್ಲಿ ಹೊರದಾರಿಯಿಲ್ಲದೆ ನಿಂತರೆ ಬೇರು ಕೊಳೆಯುತ್ತದೆ. ರೈತನು ಅದಕ್ಕಾಗಿ ನೀರನ್ನು ಶಪಿಸುವುದಿಲ್ಲ. ಗುದ್ದಲಿ ಹಿಡಿದು ಕಾಲುವೆ ತೆಗೆಯುತ್ತಾನೆ. ಪಿತ್ತದ ಕಲ್ಲಿನಲ್ಲಿ ಮೊದಲು ಕಂಡು, ಹೃದಯದ ವೈರಿಯೆಂದು ಹೆಸರಾಗಿ, ಕೊನೆಗೆ ನರಗಳ ಕವಚದಲ್ಲಿ ತನ್ನ ನಿಜವಾದ ಕೆಲಸವನ್ನು ತೋರಿದ ಈ ಮೇಣದಂತಹ ವಸ್ತುವಿನ ವಿಷಯದಲ್ಲಿ ಇಂದಿನ ವಿಜ್ಞಾನಿಗಳು ಮಾಡುತ್ತಿರುವ ಕೆಲಸವೂ ಅದೇ ಬಗೆಯದು.

ಪದಗಳ ಅರ್ಥ

ಅಪಕೀರ್ತಿ – ಕೆಟ್ಟ ಹೆಸರು
ಗಿಂಡಿ – ಸಣ್ಣ ಪಾತ್ರೆ
ಅಪಧಮನಿ – ಹೃದಯದಿಂದ ಅಂಗಗಳಿಗೆ ರಕ್ತವನ್ನು ಒಯ್ಯುವ ನಾಳ
ಪಾರಿತೋಷಕ – ಬಹುಮಾನ
ಮೇದಸ್ಸು – ಕೊಬ್ಬು, ಜಿಡ್ಡು
ತೆರಪು – ನಡುವಿನ ಬಿಡುವು
ಕ್ಷಯಿಸು – ಕ್ರಮೇಣ ನಾಶವಾಗು
ಹಮಾಲಿ – ಹೊರೆ ಹೊರುವವನು
ಉರಿಯೂತ – ನೋವು, ಬಾವುಗಳನ್ನು ಉಂಟುಮಾಡುವ ದೇಹದ ಪ್ರತಿಕ್ರಿಯೆ
ತೂಬು – ಕೆರೆಯ ನೀರನ್ನು ಹೊರಬಿಡುವ ಬಾಯಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಕೊಲೆಸ್ಟರಾಲ್’ ಎಂಬ ಹೆಸರಿನ ಅರ್ಥವೇನು?
2. ಕೈ ಕಾಲುಗಳ ನರಗಳಿಗೆ ಕವಚವನ್ನು ಕಟ್ಟುವ ಕೋಶಗಳು ಯಾವುವು?
3. ಮರಳಿ ಬೆಳೆಯುವ ನರತಂತು ದಿನಕ್ಕೆ ಎಷ್ಟು ದೂರ ಸಾಗುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾಲು ಎಡವಿದಾಗ ಎರಡು ಬಗೆಯ ನೋವುಗಳು ಒಂದರ ಹಿಂದೆ ಒಂದು ಬರುವುದೇಕೆ?
2. 2001ರ ಸಂಶೋಧನೆಯಿಂದ ತಿಳಿದುಬಂದ ಸಂಗತಿ ಯಾವುದು?
3. ತುಪ್ಪ ಬೆಣ್ಣೆಗಳನ್ನು ಹೆಚ್ಚಾಗಿ ತಿಂದರೆ ಮೆದುಳು ಬೆಳೆಯುವುದೆಂಬ ಊಹೆ ತಪ್ಪೇಕೆ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಾಯಗೊಂಡ ನರದ ದುರಸ್ತಿಯಲ್ಲಿ ಹಳೆಯ ಕವಚದ ಕೊಲೆಸ್ಟರಾಲ್ ಮರಳಿ ಬಳಕೆಯಾಗುವ ಬಗೆಯನ್ನು ವಿವರಿಸಿರಿ.
2. ಅಪಧಮನಿಯ ರೋಗಕ್ಕೂ ಮುಪ್ಪಿನಲ್ಲಿ ಕವಚದ ದುರಸ್ತಿ ನಿಲ್ಲುವುದಕ್ಕೂ ಇರುವ ಹೋಲಿಕೆಯನ್ನು ತಿಳಿಸಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಸಸ್ಯಾಹಾರ, ಹೃದಯಾಘಾತ, ಉತ್ತರಾರ್ಧ

ಉ) ಈ ನುಡಿಗಟ್ಟುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಬೆನ್ನು ಹತ್ತು, ಕೈಚೆಲ್ಲು, ಬೆಳಕಿಗೆ ಬರು